ಗಂಗಾಧರಪ್ಪನವರ ಹಂಸದ ಎಡಗಾಲು

ಕಟ್ಟೆಮಳಲವಾಡಿಯ ಗಂಗಾಧರಪ್ಪನವರು ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದಿದವರಿಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ತಾನಾಗಿಯೇ ಅವರ ಬಾಯಿಂದ ಹೊರಟುಬಿಡುತ್ತಿತ್ತು. ಹೊರಟದ್ದನ್ನು ಓಡಿಹೋಗಿ ಹಿಡಿದು ತರುವಷ್ಟು ಚುರುಕು ಆ ಭಾರಿ ದೇಹಕ್ಕೆ ಇರಲಿಲ್ಲ, ಅಷ್ಟೆ.

ಮಹಾರಾಜರ ಕಾಲದ ಮಾತು. ಹುಣಸೂರಿನಲ್ಲಿ ಕಾಫಿ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಬಿಳಿಯ ದೊರೆ ಸೀಮೆಗೆ ಹಿಂದಿರುಗುವಾಗ ಬಂಗಲೆಯ ಸಾಮಾನುಗಳನ್ನೆಲ್ಲ ಮಾರುತ್ತಿದ್ದಾನೆಂದು ಸುದ್ದಿ ಬಂತು. ಒಂದು ಒರಗು ಕುರ್ಚಿ ತಂದು ಜಗಲಿಯ ಮೇಲೆ ಹಾಕಿಕೊಳ್ಳಬೇಕೆಂದು ಗಂಗಾಧರಪ್ಪನವರು ಗಾಡಿ ಕಟ್ಟಿಸಿಕೊಂಡು ಹೋದರು. ಅವರು ಹೋಗುವಷ್ಟರಲ್ಲಿ ಕುರ್ಚಿಯನ್ನು ಯಾರೋ ಗುಮಾಸ್ತರು ಹೊತ್ತುಕೊಂಡು ಹೋಗಿದ್ದರು. ಉಳಿದಿದ್ದದ್ದು ಒಂದು ಕುಕ್ಕೆ; ಕುಕ್ಕೆಯೊಳಗೆ ಒಂದು ಬಿಳಿಯ ಹಕ್ಕಿ. "ತಕ್ಕೊಂಡು ಹೋಗಿ ಸ್ವಾಮಿ, ಇಲ್ಲಾಂದ್ರೆ ಇವತ್ತೇ ಸಾರಾಗ್ತದೆ" ಎಂದ ಅಡಿಗೆಯವನು. ಹಕ್ಕಿ ಕತ್ತು ಓರೆ ಮಾಡಿ ಗಂಗಾಧರಪ್ಪನವರನ್ನು ನೋಡಿತು. ಲಿಂಗವಂತರ ಮನೆತನದ ಅವರ ಕರುಳು ಚುರುಕ್ ಎಂದಿತು. ಕುಕ್ಕೆಯನ್ನು ಗಾಡಿಯಲ್ಲಿಟ್ಟುಕೊಂಡು ಹೊರಟುಬಿಟ್ಟರು.

ಊರ ಬಾಗಿಲಲ್ಲೇ ಪಟೇಲ ಕರಿಯಪ್ಪನವರು ಎದುರಾದರು. "ಏನ್ರೀ ಗಂಗಾಧರಪ್ನೋರೆ, ಕುರ್ಚಿ ತತ್ತೀನಿ ಅಂತ ಹೋದೋರು ಕುಕ್ಕೆ ತಂದಿದೀರಲ್ಲ, ಏನದು?"

ಬಾತುಕೋಳಿ ಎಂದು ಹೇಳುವುದು ಹೇಗೆ? ಆ ಬೀದಿಯಲ್ಲಿ ಯಾರ ಮನೆಯಲ್ಲೂ ಕೋಳಿಯ ಪುಕ್ಕ ಕೂಡ ಬಿದ್ದದ್ದಿಲ್ಲ. ಗಂಗಾಧರಪ್ಪನವರ ಬಾಯಿ ತೆರೆಯಿತು.

"ಹಂಸ" ಎಂದಿತು.

ಪಟೇಲರು ಚಪ್ಪಲಿ ಬಿಟ್ಟರು. ಬಗ್ಗಿ ಕುಕ್ಕೆಯೊಳಗೆ ನೋಡಿ ಕೈಮುಗಿದರು. ಸಂಜೆಯೊಳಗೆ ಅರ್ಧ ಊರು ಬಂದು ನೋಡಿಹೋಯಿತು. ಪಕ್ಕದ ಮನೆಯ ಸಾಕಮ್ಮ ಅದರ ಕಾಲು ತೊಳೆದ ನೀರನ್ನು ತಲೆಗೆ ಚಿಮುಕಿಸಿಕೊಂಡಳು. "ಆಲನ್ನೂ ನೀರನ್ನೂ ಬ್ಯಾರೆ ಮಾಡ್ತದಂತಲ್ಲ?" ಎಂದು ಯಾರೋ ಕೇಳಿದಾಗ, "ಮನಸ್ಸು ಬಂದ್ರೆ ಮಾಡ್ತದೆ" ಎಂದರು ಗಂಗಾಧರಪ್ಪನವರು. ಇಷ್ಟು ಮಾತ್ರ ಅವರು ಯೋಚಿಸಿ ಹೇಳಿದ್ದು.

ಮನೆಯವರನ್ನು ಬಿಟ್ಟರೆ ನಿಜ ಬಲ್ಲವನು ಊರಿನಲ್ಲಿ ಒಬ್ಬನೇ. ಅವರ ಗದ್ದೆಯ ಕೆಲಸ ನೋಡಿಕೊಳ್ಳುತ್ತಿದ್ದ ಅಂಕಯ್ಯ, ಪ್ರಾಯದಲ್ಲಿ ಕೊಡಗಿನ ತೋಟಗಳಲ್ಲಿ ದುಡಿದು ಬಂದವನು.

"ಬುದ್ಧೀ, ಕೊಡಗ್ನಲ್ಲಿ ಇಂತವ ನೂರ್ ನೋಡಿವ್ನಿ. ಇದು ಬಾತ್ಕೋಳಿ ಕಣ್ ಬುದ್ಧೀ."

"ಮೆಲ್ಲಗೆ ಮಾತಾಡೋ!"

"ಮೆಲ್ಲುಗ್ ಏಳುದ್ರೂ ಬಾತ್ಕೋಳೀನೆ."

ಮಾರನೆಯ ಬೆಳಿಗ್ಗೆ ಹಂಸ ಮೊಟ್ಟೆ ಇಟ್ಟಿತು. ಗಂಗಾಧರಪ್ಪನವರ ಹೆಂಡತಿ ಸುನಂದಮ್ಮ ಮೂಗಿಗೆ ಸೆರಗು ಹಿಡಿದು, ಅದನ್ನು ಪೊರಕೆಯ ತುದಿಯಿಂದ ಹಿತ್ತಿಲ ಬಾಗಿಲಿಗೆ ಉರುಳಿಸಿ, ಎರಡನೆಯ ಸಲ ಸ್ನಾನ ಮಾಡಿದರು. ಅಂಕಯ್ಯ ಅದನ್ನು ಮಡಿಲಿಗೆ ಹಾಕಿಕೊಂಡು ಹೋದ. ಅಂದಿನಿಂದ ಇದೇ ಪದ್ಧತಿಯಾಯಿತು. ಮೊಟ್ಟೆ ಬರುತ್ತಿದ್ದಷ್ಟು ಕಾಲ ಅಂಕಯ್ಯ ಬಾಯಿ ಬಿಡುವಂತಿರಲಿಲ್ಲ.

ಹಂಸದ ಕೀರ್ತಿ ಭೇರ್ಯದವರೆಗೂ ಹೋಯಿತು. ಅಲ್ಲಿನ ದೊಡ್ಡ ಕುಳ ಮಹದೇವಪ್ಪನವರು ಮಗನಿಗೆ ಹೆಣ್ಣು ಹುಡುಕುತ್ತಿದ್ದವರು, "ಹಂಸ ಬಂದು ಸೇರಿದ ಮನೆ ಅಂದ್ರೆ ಸಾಮಾನ್ಯವಲ್ಲ" ಎಂದು ತಾವಾಗಿಯೇ ಹೇಳಿಕಳುಹಿಸಿದರು. ಗಂಗಾಧರಪ್ಪನವರಿಗೆ ಒಬ್ಬಳೇ ಮಗಳು, ಗೌರಮ್ಮಣ್ಣಿ. ಹದಿನೆಂಟು ತುಂಬಿತ್ತು. ಎರಡು ಸಂಬಂಧಗಳು ಬಂದು ಹಾಗೆಯೇ ತಪ್ಪಿಹೋಗಿದ್ದವು. ಈ ಹುಡುಗ ನಂಜುಂಡಸ್ವಾಮಿ ಬಂದು ಹೋದ ಮೇಲೆ ಅವಳು ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ತಾಯಿಗೆ ಅಷ್ಟು ಸಾಕಾಯಿತು. ಕಾರ್ತಿಕದ ಕಡೆಯ ಸೋಮವಾರ ವೀಳ್ಯಶಾಸ್ತ್ರ ಎಂದು ನಿಶ್ಚಯವಾಯಿತು. ಹೊರಡುವಾಗ ಮಹದೇವಪ್ಪನವರು ಒಂದೇ ಒಂದು ಆಸೆ ಹೇಳಿಕೊಂಡರು: "ಅವತ್ತು ನಮ್ಮ ಕಡೇವ್ರು ಇಪ್ಪತ್ತು ಜನ ಬತ್ತಾರೆ. ಹಂಸ ಅಂಗಳದಲ್ಲಿ ಓಡಾಡ್ತಾ ಇರ್ಬೇಕು. ಅದರ ನಡಿಗೆ ನೋಡ್ಬೇಕು ಅಂತಾವ್ರೆ ಎಲ್ಲಾರೂ."

ಅದಾದ ನಾಲ್ಕನೆಯ ದಿನಕ್ಕೆ ಹಂಸ ಕುಂಟತೊಡಗಿತು.

ಗೌರಮ್ಮಣ್ಣಿ ಎಡಗಾಲನ್ನು ಎತ್ತಿ ನೋಡಿದಳು. ಅಂಗಾಲು ಊದಿಕೊಂಡಿತ್ತು, ನಡುವೆ ಕಪ್ಪು ಹೆಕ್ಕಳ, ಒತ್ತಿದರೆ ಹಕ್ಕಿ ಮನೆ ಹಾರಿಹೋಗುವಂತೆ ಅರಚುತ್ತಿತ್ತು. ಅಂಕಯ್ಯ ಬಗ್ಗಿ ನೋಡಿ, "ಒಳ್ಗಡೆ ಆಣಿ ಅದೆ ಬುದ್ಧೀ, ಕುಯ್ದು ಕಿತ್ತಾಕ್ಬೇಕು" ಎಂದ. 'ಕುಯ್ದು' ಎಂಬ ಮಾತು ಕೇಳಿಯೇ ಗಂಗಾಧರಪ್ಪನವರು ಕಂಬ ಹಿಡಿದು ಕುಳಿತರು. ರಕ್ತವೆಂದರೆ ಅವರಿಗೆ ಆಗದು. ಆದ್ದರಿಂದ ಮನೆಮದ್ದೇ ಎಂದು ತೀರ್ಮಾನವಾಯಿತು. ಅದೂ ಗುಟ್ಟಾಗಿ.

"ಅಪ್ಪಾ, ಬಾತುಕೋಳಿ ಅಂತ ಹೇಳ್ಬುಟ್ರೆ ಏನಾಯ್ತದೆ?" ಎಂದಳು ಗೌರಮ್ಮಣ್ಣಿ.

"ಏನಾಯ್ತದೆಯಾ? ಲಿಂಗವಂತರ ಮನೇಲಿ ಬಾತುಕೋಳಿ ಸಾಕವ್ರೆ ಅಂತಾರೆ. ಮೊಟ್ಟೆ ಎಲ್ಲಿಗೆ ಹೋಯ್ತು ಅಂತಾರೆ. ಭೇರ್ಯದವ್ರು ಬಾಗ್ಲಿಗೆ ಬರ್ತಾರಾ ಆಮೇಲೆ? ಸುಮ್ನಿರವ್ವ, ಶಾಸ್ತ್ರದೊಳಗೆ ವಾಸಿಯಾಗ್ತದೆ."

ಬೆಳಿಗ್ಗೆ ಸಂಜೆ ಬಚ್ಚಲುಮನೆಯಲ್ಲಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸಿದ್ದಾಯಿತು. ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ್ದಾಯಿತು. ಬೇವಿನ ಸೊಪ್ಪು ಅರೆದು ಕಟ್ಟಿದ್ದಾಯಿತು. ಸುಣ್ಣ ಬೆಲ್ಲದ ಪಟ್ಟು ಹಾಕಿದರೆ, ಬೆಲ್ಲವಿದ್ದಷ್ಟನ್ನು ಹಂಸವೇ ಕುಕ್ಕಿ ತಿಂದು ಮುಗಿಸಿತು. ಮೂರು ದಿನ ಊತ ಇಳಿಯುವುದು, ನಾಲ್ಕನೆಯ ದಿನ ಮತ್ತೆ ಏರುವುದು. ಸುನಂದಮ್ಮನವರ ಹಳೆಯ ಕೆಂಪು ಸೀರೆ ಪಟ್ಟಿಪಟ್ಟಿಯಾಗಿ ಹರಿದು ಮುಗಿಯಿತು. ಗೌರಮ್ಮಣ್ಣಿ ಇಲ್ಲದಿದ್ದರೆ ಹಕ್ಕಿ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ; ಹೀಗಾಗಿ ಅವಳು ಹೊಳೆಗೆ ನೀರಿಗೆ ಹೋಗುವುದನ್ನೂ ಬಿಟ್ಟಳು. ನೀರಿಗೆ ಸುನಂದಮ್ಮನವರೇ ಹೋಗತೊಡಗಿದರು.

ದರ್ಶನಕ್ಕೆ ಬಂದವರಿಗೆ ಗಂಗಾಧರಪ್ಪನವರು ಜಗಲಿಯಲ್ಲೇ ಅಡ್ಡ ಕುಳಿತು, "ಹಂಸ ಮೌನವ್ರತದಲ್ಲಿದೆ" ಎನ್ನುತ್ತಿದ್ದರು.

ಒಳಗಿನಿಂದ "ಕ್ವ್ಯಾಕ್!" ಎಂದು ಕೇಳಿಸಿತು.

"ಮೌನ ಅಂದ್ರಲ್ಲಣ್ಣ?" ಎಂದಳು ಸಾಕಮ್ಮ.

"ಮಧ್ಯೆ ಮಧ್ಯೆ" ಎಂದರು ಗಂಗಾಧರಪ್ಪನವರು.

ಸಾಕಮ್ಮ ಕೆಟ್ಟವಳಲ್ಲ. ಆದರೆ ಅವಳ ಹಿತ್ತಿಲ ಗೋಡೆ ಗಿಡ್ಡ. ಗೋಡೆಯಾಚೆ ದಿನವೂ ಒಣಗುತ್ತಿದ್ದ ಅರಿಶಿನದ ಕರೆಯ ಬಟ್ಟೆಪಟ್ಟಿಗಳು ಅವಳ ಕಣ್ಣಿಗೆ ಬೀಳುತ್ತಿದ್ದವು. ಹೊಳೆಯ ದಾರಿಯಲ್ಲಿ ಗೌರಮ್ಮಣ್ಣಿ ಕಾಣುತ್ತಿಲ್ಲ ಎಂಬುದೂ ಅವಳ ಲೆಕ್ಕದಲ್ಲಿತ್ತು. ಇದಕ್ಕಿಂತ ಹೆಚ್ಚಾಗಿ, ಸಾಕಮ್ಮನ ತವರು ಭೇರ್ಯ.

ಇಪ್ಪತ್ತು ದಿನ ಕಳೆದರೂ ಕಾಲು ಹಾಗೆಯೇ ಇತ್ತು. ಶಾಸ್ತ್ರಕ್ಕೆ ಹನ್ನೆರಡು ದಿನ ಉಳಿದಿತ್ತು. ಗಂಗಾಧರಪ್ಪನವರಿಗೆ ಊಟ ಸೇರದಾಯಿತು. ಕಡೆಗೆ ಮನಸ್ಸು ಗಟ್ಟಿ ಮಾಡಿ, ರುಮಾಲು ಸುತ್ತಿಕೊಂಡು, ಔಷಧಿ ತರಲು ಹುಣಸೂರಿನ ಆಸ್ಪತ್ರೆಗೆ ಹೊರಟರು. ಅಲ್ಲಿ ಮನುಷ್ಯರ ಕಾಂಪೌಂಡರನ ಮುಂದೆ ಹಕ್ಕಿಯ ಹೆಸರೆತ್ತಬಾರದು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

"ಏನು ತೊಂದ್ರೆ?" ಎಂದ ಕಾಂಪೌಂಡರ್, ತಲೆ ಎತ್ತದೆ.

"ಅಂಗಾಲಲ್ಲಿ ಹುಣ್ಣು ಸ್ವಾಮಿ. ಕರೀ ಹೆಕ್ಕಳ ಕಟ್ಟಿದೆ. ವಾಸಿ ಆದಂಗ್ ಆಯ್ತದೆ, ಆಗಲ್ಲ."

"ಎತ್ತಿ ತೋರ್ಸಿ."

"ನನಗಲ್ಲ. ಮನೇಲಿ."

"ನಿಮ್ಮ ಮನೆಯವ್ರಿಗಾ?"

"ಅಲ್ಲ ಅಲ್ಲ. ಇನ್ನೊಂದು. ಹೆಣ್ಣು."

"ಮಗಳು ಅನ್ನಿ."

ಇಲ್ಲಿ ಗಂಗಾಧರಪ್ಪನವರು ಅಲ್ಲವೆನ್ನಬೇಕಿತ್ತು. ಬೇಡದ ಕಡೆಯೆಲ್ಲ ತಾನಾಗಿ ತೆರೆದುಕೊಳ್ಳುತ್ತಿದ್ದ ಬಾಯಿ ಬೇಕಾದ ಕಡೆ ತೆರೆಯಲಿಲ್ಲ. ಕಾಂಪೌಂಡರ್ 'ಮಗಳು' ಎಂದು ಬರೆದುಕೊಂಡ.

"ಕರ್ಕೊಂಡು ಬರೋದಲ್ವೇನ್ರಿ?"

"ಗಾಡಿ ಹತ್ತಿಸಿದ್ರೆ ಕಚ್ತದೆ ಸ್ವಾಮಿ."

ಲೇಖನಿ ನಿಂತಿತು. "ಊಟ ಸರಿಯಾಗಿ ಮಾಡ್ತಾಳಾ?"

"ಅರ್ಧ ಸೇರು ಭತ್ತ..."

"ಭತ್ತ?"

"ಅನ್ನ, ಅನ್ನ. ನೀರಿಗೆ ಇಳಿಸಿದ್ರೆ ಸಲೀಸಾಗಿರ್ತದೆ, ನೆಲದ ಮೇಲೆ ಕಷ್ಟ."

ಕಾಂಪೌಂಡರ್ ಕನ್ನಡಕ ತೆಗೆದು ಅವರನ್ನೇ ನೋಡಿದ. "ಮದುವೆ ಆಗಿದ್ಯಾ?"

"ಇಲ್ಲ" ಎಂದರು. ಹಕ್ಕಿಗೂ ಮಗಳಿಗೂ ಇದು ಸಮನಾಗಿ ನಿಜವಾಗಿತ್ತು.

"ನೋಡಿ ಯಜಮಾನ್ರೆ, ಟಿಂಚರು, ಬೋರಿಕ್ ಪುಡಿ ಕೊಡ್ತೀನಿ. ಆದ್ರೆ ಒಳಗಿನ ಗಟ್ಟಿ ತೆಗೀದೆ ಮೇಲೆ ಎಷ್ಟು ಹಚ್ಚಿದ್ರೂ ಅಷ್ಟೇ. ಹೆಣ್ಣು ಹುಡುಗಿ ಕಾಲು. ಇಂಥ ಹುಣ್ಣು ತಿಂಗಳು ದಾಟಿದ್ರೆ ಬೇರೆ ಥರಾನೇ ಯೋಚ್ನೆ ಮಾಡ್ಬೇಕಾಗ್ತದೆ" ಎಂದು ಕಾಂಪೌಂಡರ್ ದನಿ ಇಳಿಸಿ ಹೇಳಿದ. ಕುಷ್ಠ ಎಂಬ ಮಾತೊಂದನ್ನು ಮಾತ್ರ ಬಾಯಿ ಬಿಟ್ಟು ಆಡಲಿಲ್ಲ.

ದನಿ ಇಳಿಸಿದ್ದು ಸಾಲದಾಗಿತ್ತು. ಗಂಗಾಧರಪ್ಪನವರು ಸೀಸೆಯನ್ನು ಜೇಬಿಗೆ ಸೇರಿಸಿ ತಿರುಗಿದಾಗ, ಸಾಲಿನಲ್ಲಿ ಅವರ ಬೆನ್ನ ಹಿಂದೆಯೇ, ಮಂಡಿನೋವಿನ ಎಣ್ಣೆಗೆ ಬಂದಿದ್ದ ಸಾಕಮ್ಮ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಅಣ್ಣಾ, ನಾನು ಯಾರಿಗೂ ಏಳಾಕಿಲ್ಲ ಬುಡಿ" ಎಂದಳು.

ಅಲ್ಲೇ ನಿಂತು, ಅದು ಮಗಳಿಗಲ್ಲ ಎಂದು ಹೇಳಿದರೆ, ಮತ್ಯಾರಿಗೆ ಎಂಬ ಪ್ರಶ್ನೆ ಬರುತ್ತಿತ್ತು. ಗಂಗಾಧರಪ್ಪನವರು ತಲೆ ಬಗ್ಗಿಸಿಕೊಂಡು ಗಾಡಿ ಹತ್ತಿದರು. ಸಾಕಮ್ಮ ಮಾತು ಉಳಿಸಿಕೊಂಡಳು. ಅಂದರೆ, ಹೇಳಿದ ಪ್ರತಿಯೊಬ್ಬರಿಗೂ ಯಾರಿಗೂ ಹೇಳಬೇಡಿ ಎಂದೇ ಹೇಳಿದಳು. ಎಲ್ಲರ ಮುಂದೆಯೂ ಅತ್ತಳು. ತವರಿಗೆ ಹೋದಾಗಲೂ ಅತ್ತಳು.

ಶಾಸ್ತ್ರಕ್ಕೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಹೇಳದೆ ಕೇಳದೆ ಭೇರ್ಯದ ಕಮಾನು ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಮಹದೇವಪ್ಪನವರು ಇಳಿದರು. ಹಿಂದೆಯೇ ಅವರ ಹೆಂಡತಿ ರುಕ್ಮಿಣಮ್ಮ ಇಳಿದರು. ಪಟೇಲ ಕರಿಯಪ್ಪನವರು ದಾರಿಯಲ್ಲಿ ಗಾಡಿ ನೋಡಿ ಜೊತೆಗೆ ಬಂದಿದ್ದರು. ಯಾರೂ ಕೇಳದಿದ್ದರೂ ಸಾಕಮ್ಮ ಒಂದು ಚೆಂಬು ಮಜ್ಜಿಗೆ ಹಿಡಿದುಕೊಂಡು ಬಂದಳು.

ಮಹದೇವಪ್ಪನವರ ಮುಖದಲ್ಲಿ ನಗುವಿರಲಿಲ್ಲ. ಕೊಟ್ಟ ಬೆಲ್ಲ ನೀರನ್ನು ಮುಟ್ಟಲಿಲ್ಲ.

"ಕಾಲುಂಗುರದ ಅಳತೆ ತಕ್ಕೊಂಡು ಹೋಗಾವ ಅಂತ ಬಂದೋ" ಎಂದು ರುಕ್ಮಿಣಮ್ಮ ಮಡಿಲಿನಿಂದ ಒಂದು ನೂಲೆಳೆ ತೆಗೆದರು. "ಹುಡುಗೀನ ಕರೀರಿ."

ಗೌರಮ್ಮಣ್ಣಿ ಒಂದು ಗಂಟೆಯಿಂದ ಬಚ್ಚಲುಮನೆಯಲ್ಲಿ ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲು ನೆನೆಸುತ್ತಿದ್ದಳು. ತಾಯಿ ಗಾಬರಿಯಿಂದ ಕರೆದಾಗ ಅವಳು ತಟ್ಟನೆ ಎದ್ದಳು. ಮಡಿಸಿ ಕುಳಿತಿದ್ದ ಕಾಲು ಜೋಮು ಹಿಡಿದಿತ್ತು. ನಡುಮನೆಯ ಹೊಸಿಲು ದಾಟಿ, ಎಲ್ಲರೆದುರಿಗೆ, ಎಡಗಾಲು ಎಳೆಯುತ್ತ ಕುಂಟಿಕೊಂಡು ಬಂದಳು.

ಸಾಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಟೇಲರು ಜಂತೆ ನೋಡಿದರು.

"ಬಾವ್ವ, ಕೂತ್ಕೊ" ಎಂದರು ರುಕ್ಮಿಣಮ್ಮ. ದನಿ ಮೆತ್ತಗಿತ್ತು, ಕಣ್ಣು ಮಾತ್ರ ಕಾಲಿನ ಮೇಲಿತ್ತು. "ಎರಡು ಕಾಲೂ ಇತ್ತಾಗೆ ನೀಡು."

ಗೌರಮ್ಮಣ್ಣಿ ಕೂರಲಿಲ್ಲ. ನೂಲು ನೋಡಿದಳು, ಸಾಕಮ್ಮನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಅಳತೆಗಾದ್ರೆ ಒಂದು ಬೆರಳು ಸಾಕು ಅತ್ತೆ. ನೀವು ಅಂಗಾಲು ತಿರುಗ್ಸಿ ನೋಡಕ್ಕೆ ಬಂದಿದೀರಿ. ಎತ್ತು ಕೊಳ್ಳೋರು ಗೊರಸು ನೋಡ್ತಾರಲ್ಲ, ಹಂಗೆ ನಾನು ತೋರ್ಸಾಕಿಲ್ಲ."

"ಗೌರೀ!" ಎಂದರು ಸುನಂದಮ್ಮ.

"ಇಲ್ಲ ಕಣವ್ವ. ಕಾಲಲ್ಲಿ ಏನೂ ಇಲ್ಲ ಅಂತ ನನ್ನ ಬಾಯಲ್ಲಿ ಹೇಳ್ತೀನಿ. ನಂಬಿದ್ರೆ ನಂಬ್ಲಿ."

ಮಹದೇವಪ್ಪನವರು ಎದ್ದರು. ರುಮಾಲು ಕೈಗೆ ತೆಗೆದುಕೊಂಡರು. "ತೋರ್ಸಾಕಿಲ್ಲ ಅಂದ್ಮೇಲೆ ಇರಾದು ನಿಜ ಅಂತಾಯ್ತು. ಹುಣಸೂರಲ್ಲಿ ತಂದೇನೇ ಬರೆಸಿ ಬಂದವ್ರೆ. ಸೋಮವಾರದ್ದು ಬೇಡ ಬುಡಿ, ಗಂಗಾಧರಪ್ನೋರೆ. ನಡಿಯೇ."

ಮಗಳು ಅಳಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿ ನಿಂತಳು, ಅಷ್ಟೆ. ಗಂಗಾಧರಪ್ಪನವರು ಆ ಬೆನ್ನು ನೋಡಿದರು. ಒಂದು ಸಲ ಬಾಯಿ ಮುಚ್ಚಿಕೊಂಡಿದ್ದಕ್ಕೆ ಇಷ್ಟಾಯಿತು. ಇನ್ನೊಂದು ಸಲ ಮುಚ್ಚಿಕೊಂಡರೆ ಈ ಹುಡುಗಿ ಈ ಮನೆಯಲ್ಲೇ ಮುದುಕಿಯಾಗುತ್ತಾಳೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ಹುಣ್ಣು ನಿಜ" ಎಂದರು. "ಕಾಲು ನನ್ನ ಮಗಳದಲ್ಲ."

"ಮತ್ಯಾರ್ದು?"

"ಹಂಸದ್ದು."

ಎಲ್ಲರೂ ಅವರನ್ನೇ ನೋಡಿದರು. ಅವರು ದೀರ್ಘವಾಗಿ ಉಸಿರೆಳೆದುಕೊಂಡರು. "ಹಂಸಾನೂ ಅಲ್ಲ. ಬಾತುಕೋಳಿ. ಕುರ್ಚಿ ಸಿಗ್ಲಿಲ್ಲ, ಅದು ಸಿಕ್ತು. ಕೊಂದ್ಬುಡ್ತಾರೆ ಅಂದ್ರು, ತಂದೆ. ಬಾತುಕೋಳಿ ಅನ್ನಕ್ಕೆ ನಾಚ್ಕೆಯಾಯ್ತು. ತಪ್ಪೆಲ್ಲ ನಂದು. ಹುಡುಗೀದು ಏನೂ ಇಲ್ಲ."

ಅಷ್ಟು ಹೊತ್ತಿಗೆ, ಬಚ್ಚಲಲ್ಲಿ ಒಂಟಿಯಾಗಿದ್ದ ಹಕ್ಕಿ ಗೌರಮ್ಮಣ್ಣಿಯನ್ನು ಹುಡುಕಿಕೊಂಡು, ಕೆಂಪು ಸೀರೆಯ ಪಟ್ಟಿಯನ್ನು ಎಳೆಯುತ್ತ, ನಡುಮನೆಗೆ ಕುಂಟಿಕೊಂಡು ಬಂತು. ಸಭೆಯನ್ನು ಒಮ್ಮೆ ನೋಡಿ ಗಟ್ಟಿಯಾಗಿ ಕೂಗಿತು.

ಮೊದಲು ಮಾತಾಡಿದವರು ಪಟೇಲರು. "ರೀ, ನಾನು ಚಪ್ಪಲಿ ಬಿಟ್ಟು ಕೈ ಮುಗ್ದಿದೀನಲ್ರೀ!"

"ನಾನು ಅದ್ರ ಕಾಲ್ ತೊಳೆದ ನೀರ ತಲೆಗಾಕ್ಕೊಂಡಿವ್ನಿ" ಎಂದಳು ಸಾಕಮ್ಮ. ಈ ಸಲ ಅವಳು ನಿಜವಾಗಿ ಅಳುತ್ತಿದ್ದಳು.

ಮಹದೇವಪ್ಪನವರು ಮಾತ್ರ ಕಲ್ಲಾಗಿ ನಿಂತಿದ್ದರು. ಭೇರ್ಯದಲ್ಲಿ ತಾವು ಯಾರು ಯಾರಿಗೆ ಹೇಳಿದ್ದೇವೆ ಎಂದು ಅವರ ಮನಸ್ಸು ಒಂದೊಂದೇ ಮನೆ ಹತ್ತಿ ಇಳಿಯುತ್ತಿತ್ತು. ಮಠಕ್ಕೆ ಹೋಗಿ ಸ್ವಾಮಿಗಳಿಗೂ ಅರಿಕೆ ಮಾಡಿಕೊಂಡಿದ್ದರು. ಅವರ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. ಕಡೆಗೆ ರುಮಾಲನ್ನು ಮತ್ತೆ ಗೂಟಕ್ಕೆ ಹಾಕಿದರು.

"ಹಂಸಾನೇ" ಎಂದರು.

"ಅಲ್ಲ ಬೀಗರೆ, ನಾನು ಈಗ ನಿಜ..."

"ನಿಮ್ಮ ನಿಜ ನಿಮ್ಮತ್ರಾನೇ ಇರ್ಲಿ ಕಣ್ರೀ! ನೀವು ಬಾತುಕೋಳಿ ಸಾಕಿರ್ಬೋದು. ನಾನು ಸಂಬಂಧ ಮಾಡ್ತಿರಾದು ಹಂಸದ ಮನೆ ಜೊತೆ. ಏನ್ ಪಟೇಲರೆ?"

"ಹಂಸಾನೇ" ಎಂದರು ಪಟೇಲರು, ಕಾಲ ಕಳೆಯದೆ. "ಕತ್ತು ನೋಡುದ್ರೆ ಗೊತ್ತಾಗಾಕಿಲ್ವ?"

"ನನಗೆ ಅವತ್ತೇ ಗೊತ್ತಿತ್ತು" ಎಂದಳು ಸಾಕಮ್ಮ.

ಜನ್ಮದಲ್ಲಿ ಮೊದಲ ಸಲ ಯೋಚಿಸಿ ನಿಜ ಹೇಳಿದ ಗಂಗಾಧರಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೇಳುವವರು ಯಾರೂ ಇರಲಿಲ್ಲ.

ಈ ಗಲಾಟೆಗೆ ರುಕ್ಮಿಣಮ್ಮ ಸೇರಿರಲಿಲ್ಲ. ಅವರು ನೆಲದ ಮೇಲೆ ಕುಳಿತು, ಹಕ್ಕಿಯ ಕಾಲಿನ ಪಟ್ಟಿ ಬಿಚ್ಚುತ್ತಿದ್ದರು. "ಒಳಗೆ ಆಣಿ ಕೂತದೆ. ಇದನ್ನ ತೆಗೀದೆ ತಿಂಗಳಾನುಗಟ್ಲೆ ಅರಿಶಿನ ಹಚ್ಚುದ್ರೆ ಆಯ್ತದಾ? ಬಿಸಿನೀರು ತನ್ನಿ. ಒಂದು ಸೂಜಿ ಕಾಯ್ಸಿ. ಆ ಟಿಂಚರು ಎಲ್ಲಿ?"

"ಮುಟ್ತೀರಾ ಬೀಗಿತ್ತೇರೆ?" ಎಂದರು ಸುನಂದಮ್ಮ.

"ಸ್ನಾನ ಮಾಡುದ್ರಾಯ್ತು. ಹಿಡ್ಕೊ ಗೌರವ್ವ."

ಗೌರಮ್ಮಣ್ಣಿ ಹಕ್ಕಿಯನ್ನು ಎದೆಗವಚಿ ಹಿಡಿದಳು. ಹಕ್ಕಿ ಅರಚಿತು, ರೆಕ್ಕೆ ಬಡಿಯಿತು, ಅವಳ ಮಣಿಕಟ್ಟನ್ನು ಕಚ್ಚಿತು, ಅವಳು ಬಿಡಲಿಲ್ಲ. ಗಂಗಾಧರಪ್ಪನವರು ಕಣ್ಣು ಮುಚ್ಚಿ ಕಂಬ ಹಿಡಿದರು. ಹಿತ್ತಿಲಿನಿಂದ ಬಂದ ಅಂಕಯ್ಯ ಅವರನ್ನು ಹಿಡಿದುಕೊಂಡ. ರುಕ್ಮಿಣಮ್ಮನವರ ಕೈ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಹುರುಳಿಕಾಳಿನಷ್ಟು ಗಟ್ಟಿ ಆಣಿ ಹೊರಕ್ಕೆ ಬಂತು. ಅದರ ನಡುವೆ ಜಾಲಿಮುಳ್ಳಿನ ತುದಿ ಮುರಿದು ಕುಳಿತಿತ್ತು.

ಟಿಂಚರು ಹಚ್ಚಿ, ಪಟ್ಟಿ ಕಟ್ಟುವಾಗ ರುಕ್ಮಿಣಮ್ಮ ಹುಡುಗಿಯ ಮಣಿಕಟ್ಟು ನೋಡಿದರು. ಹೊಸ ಗಾಯದ ಪಕ್ಕ ಹಳೆಯ ಗಾಯಗಳು ಸಾಲಾಗಿದ್ದವು.

"ಎಷ್ಟು ದಿನದಿಂದ ನೋಡ್ಕೋತಿದೀಯವ್ವ?"

"ಇಪ್ಪತ್ತೆಂಟು."

"ಒಂದು ದಿನಾನೂ ಬಿಟ್ಟಿಲ್ವ?"

"ಬಿಟ್ರೆ ಊದ್ಕೋತದೆ ಅತ್ತೆ."

ರುಕ್ಮಿಣಮ್ಮ ಪಟ್ಟಿಯ ಗಂಟು ಬಿಗಿದರು. "ಬೇರೆಯವ್ರ ಮಾತು ಕೇಳ್ಕೊಂಡು ಬಂದೆ ಕಣವ್ವ. ನಂದು ತಪ್ಪು" ಎಂದರು. ಎಲ್ಲರಿಗೂ ಕೇಳುವಂತೆಯೇ ಹೇಳಿದರು.

ಗೌರಮ್ಮಣ್ಣಿ ಹಕ್ಕಿಯನ್ನು ಕೆಳಗಿಳಿಸಿ, ತಾನಾಗಿಯೇ ಕಾಲು ಮುಂದೆ ಚಾಚಿದಳು. ರುಕ್ಮಿಣಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು, ಬೆರಳನ್ನು ತಡಕಿ ಹುಡುಕಿ, ನೂಲು ಸುತ್ತಿ ಗಂಟು ಹಾಕಿದರು. ಅಂಗಾಲು ಹಾಗಿರಲಿ, ಉಗುರನ್ನೂ ಅವರು ನೋಡಲಿಲ್ಲ.

ಸೋಮವಾರ ವೀಳ್ಯಶಾಸ್ತ್ರ ನಡೆಯಿತು. ಹಂಸ ಭೇರ್ಯದ ಇಪ್ಪತ್ತು ಜನರ ಮುಂದೆ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯಿತು. ಕೊಂಚ ಕುಂಟಿದ್ದನ್ನು, ಹಂಸಗಳ ನಡಿಗೆಯೇ ಹಾಗೆ ಎಂದು ಪಟೇಲರು ವಿವರಿಸಿದರು. ಯಾರೋ ಹಿರಿಯರು ಹಾಲಿಗೆ ನೀರು ಬೆರೆಸಿ ಬಟ್ಟಲನ್ನು ಮುಂದಿಟ್ಟರು. ಅಂಗಳವೆಲ್ಲ ಉಸಿರು ಬಿಗಿಹಿಡಿಯಿತು. ಹಕ್ಕಿ ಕೊಕ್ಕು ಹಾಕಿ, ಹಾಲು ನೀರು ಎರಡನ್ನೂ ಕುಡಿದು, ಬಟ್ಟಲನ್ನು ಕವುಚಿ ಹಾಕಿತು.

"ಎಲ್ಲಾ ಕುಡೀತಲ್ಲ?" ಎಂದರು ಆ ಹಿರಿಯರು.

"ಒಳಗಡೆ ಬೇರೆ ಮಾಡ್ಕೋತದೆ" ಎಂದರು ಮಹದೇವಪ್ಪನವರು, ಒಂದು ಕ್ಷಣವೂ ತಡೆಯದೆ. ಗಂಗಾಧರಪ್ಪನವರು ಬೀಗರನ್ನು ಮೆಚ್ಚಿಕೊಂಡು ನೋಡಿದರು. ತಮ್ಮ ಬಾಯಿಗೂ ಇಷ್ಟು ಚುರುಕಿಲ್ಲ ಎನಿಸಿತು.

ಹಾಲು ಕುಡಿದ ಹಕ್ಕಿ ನೆಂಟರ ನಡುವೆಯೇ ಜಮಖಾನದ ಮೂಲೆಗೆ ಹೋಗಿ, ಗರಿ ಉಬ್ಬಿಸಿ ಕುಳಿತುಕೊಂಡಿತು. ಗೌರಮ್ಮಣ್ಣಿಯನ್ನು ಬಿಟ್ಟರೆ ಆ ಕೂರುವಿಕೆಯ ಅರ್ಥ ಗೊತ್ತಿದ್ದವರು ಮೂವರು. ಸುನಂದಮ್ಮನವರು ತಟ್ಟೆ ಕೆಳಗಿಟ್ಟು ಪೊರಕೆಗಾಗಿ ಸುತ್ತ ನೋಡಿದರು. ಬಾಗಿಲ ಹೊರಗಿದ್ದ ಅಂಕಯ್ಯ ಕತ್ತು ಉದ್ದ ಮಾಡಿದ. ಗಂಗಾಧರಪ್ಪನವರು ಶಿವಶಿವಾ ಎಂದುಕೊಂಡರು. ಹಕ್ಕಿ ಎದ್ದು, ಮೈ ಕೊಡವಿ, ಆಚೆಗೆ ಹೋಯಿತು. ಜಮಖಾನದ ಮೇಲೆ ಬೆಳ್ಳಗೆ, ದುಂಡಗೆ, ಅದು ಉಳಿಯಿತು.

ಪಕ್ಕದಲ್ಲಿ ಕುಳಿತಿದ್ದ ರುಕ್ಮಿಣಮ್ಮ ಅದನ್ನು ನೋಡಿದರು. ಗಂಗಾಧರಪ್ಪನವರ ಮುಖವನ್ನೂ ನೋಡಿದರು. ಆಮೇಲೆ, ವೀಳ್ಯದೆಲೆ ಜೋಡಿಸುತ್ತಿರುವವರಂತೆ ನಿಧಾನವಾಗಿ ಕೈ ಚಾಚಿ, ಪಕ್ಕದಲ್ಲಿದ್ದ ಮೊರವನ್ನು ಅದರ ಮೇಲೆ ಕವುಚಿ, ಮೊರದ ಮೇಲೆ ಎರಡು ಬಾಳೆಹಣ್ಣು ಇಟ್ಟರು.

ಮಗಳು ಒಳ್ಳೆಯ ಮನೆಗೇ ಸೇರುತ್ತಿದ್ದಾಳೆ ಎಂದು ಗಂಗಾಧರಪ್ಪನವರಿಗೆ ಆಗ ಖಾತ್ರಿಯಾಯಿತು.